ಉಸುಕಿನೂರಿನಲ್ಲಿ ಹುಡುಕಿದ ಹಾಡು

ಹೋದ ತಿಂಗಳು ನನ್ನ ವೈನಿ ಒಂದು ಗ್ರೀನ್‌ರೂಮಿಗೆ ಹೇಳದೇ ಕೇಳದೇ ನುಗ್ಗಿದರು.

ಒಳಗೆ ಗಾಯಕರು ಬಣ್ಣದ ಪಗಡಿ ಸುತ್ತಿಕೊಳ್ಳುತ್ತಿದ್ದರು. ಅವರೆದುರು ಇಳಕಲ್ ಸೀರೆ, ಅದರ ಮೇಲೆ ಗಂಡಸರ ಸ್ವೆಟರ್ ತೊಟ್ಟ ನನ್ನ ವೈನಿ. ನಮಸ್ಕಾರ ಇಲ್ಲ, ಪರಿಚಯ ಇಲ್ಲ. ಕಣ್ಣು ಮುಚ್ಚಿ ಒಂದು ಧಾಟಿ ಗುನುಗಿದರು. ಆಮೇಲೆ ತಮ್ಮ ಹಿಂದಿಯಲ್ಲಿ ಕೇಳಿದರು, "ಯೇ ಗಾಣಾ ತುಮ್ಹಾರಾಚ ಹೈ ಕ್ಯಾ?"

ಗಾಯಕರು ಮುಖ ಮುಖ ನೋಡಿಕೊಂಡರು. ಹಿರಿಯರೊಬ್ಬರು ಕೈಮುಗಿದು, ಈ ಹಾಡು ಯಾರದೋ ಗೊತ್ತಿಲ್ಲಮ್ಮ ಎಂದರು. ವಾಲಂಟಿಯರ್ ಬಂದು ವೈನಿಯನ್ನೂ ಹಿಂದೆ ನಿಂತಿದ್ದ ನನ್ನನ್ನೂ ಹೊರಗೆ ಕಳಿಸಿದ.

(ವೈನಿ ಅಂದರೆ ಅಣ್ಣನ ಹೆಂಡತಿ. ಗಡಿ ಭಾಗದವರು ನಾವು. ಅತ್ತಿಗೆ ಅಂದರೆ ಅವರು ಹಿಂದಕ್ಕೆ ತಿರುಗಿಯೂ ನೋಡುವುದಿಲ್ಲ.)

ಇದು ನಡೆದದ್ದು ಜೈಸಲ್ಮೇರದ ಆಚೆ, ಮರಳುಗಾಡಿನ ಕಲಾ ಉತ್ಸವದಲ್ಲಿ. ಚಿಕ್ಕೋಡಿಯ ನಾನು, ಪಾಲಬಾವಿಯ ಸುಮಿತ್ರಾ ವೈನಿ ಅಲ್ಲಿಗೆ ಹೋಗಿದ್ದೇಕೆ?

ನನ್ನ ಅಣ್ಣ ಮಿಲಿಟರಿಯಲ್ಲಿದ್ದ. ಅವನ ಯುನಿಟ್ ಬಹಳ ಕಾಲ ಆ ಮರಳುಗಾಡಿನಲ್ಲಿತ್ತು. ರಿಟೈರ್ ಆಗಿ ಊರಿಗೆ ಬಂದು ಕಬ್ಬು ಹಚ್ಚಿದ. ಕಬ್ಬಿಗೆ ನೀರು ಹಾಯಿಸುವಾಗ, ಎಮ್ಮೆ ಮೈ ತೊಳೆಯುವಾಗ, ಅವನ ಬಾಯಲ್ಲಿ ಸದಾ ಒಂದೇ ಧಾಟಿ. ಮಾತುಗಳಿಲ್ಲ, ಬರೀ ಗುನುಗು.

"ಎಲ್ಲೀ ಹಾಡ್ರಿ ಇದು?" ಅಂತ ವೈನಿ ಕೇಳಿದರೆ, "ಉಸುಕಿನೂರಾಗ ಒಬ್ಬನ ಕುಂತಾಗ ಬಾಯಿಗಿ ಬರ್ತಿತ್ತು" ಅನ್ನುತ್ತಿದ್ದ. "ಒಮ್ಮಿ ನಿನ್ನೂ ಕರಕೊಂಡ ಹೋಗ್ತೀನಿ ತಡಿ."

ಕರೆದುಕೊಂಡು ಹೋಗಲಿಲ್ಲ. ಹೋದ ವರ್ಷ ಒಂದು ಮುಂಜಾನೆ ಹೊಲಕ್ಕೆ ಹೋದವನನ್ನು ನಾಲ್ಕು ಜನ ಎತ್ತಿಕೊಂಡು ಮನೆಗೆ ತಂದರು.

ವೈನಿ ಗಟ್ಟಿ ಹೆಂಗಸು. ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಈ ಸಲ ದೀಪಾವಳಿಗೆ ಹೋದಾಗ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡರು. "ಅವರ ಮಾರಿ ಫೋಟೋದಾಗ ಐತಿ ಶೋಭಾ. ದನಿ ಎಲ್ಲೂ ಇಲ್ಲ. ಆ ಹಾಡ ನನಗೂ ಮರಿಯಾಕತ್ತೈತಿ. ಪೂರ್ತಿ ಮರಿಯೂದ್ರಾಗ ಹುಡುಕೂಣು ನಡಿ."

ಇದಕ್ಕೆ ಇಲ್ಲ ಅನ್ನುವುದು ಹೇಗೆ?

ಕಬ್ಬು ಕಡಿಯುವ ಗ್ಯಾಂಗ್ ಹೊಲಕ್ಕೆ ಬರುವ ಟೈಮ್. ವೈನಿಯ ಮಗ ಗೊಣಗಿದ. "ಕಬ್ಬ ಮುಂದಿನ ವರ್ಷಾನೂ ಬೆಳೀತೈತಿ" ಎಂದು ವೈನಿ ಬ್ಯಾಗ್ ತುಂಬಿದರು.

ಉತ್ಸವ ಚಂದವಿತ್ತು, ಸುಳ್ಳು ಯಾಕೆ ಹೇಳಲಿ? ಉಸುಕಿನ ದಿನ್ನೆಗಳ ನಡುವೆ ದೊಡ್ಡ ಸ್ಟೇಜು. ಗೊಂಬೆ ಕುಣಿಸುವವರು, ಕನ್ನಡಿ ಚೂರು ಹಚ್ಚಿ ಹೊಲಿಯುವವರು, ಎಲ್ಲಿಂದಲೋ ಬಂದು ನೆಲದ ಮೇಲೆ ಕುಳಿತು ಡೋಲಕ್ ಕಲಿಯುತ್ತಿದ್ದ ಬಿಳಿ ಕೂದಲಿನ ಫಾರಿನ್ ದಂಪತಿ. ಸೆಲ್ಫಿಗೆ ನಿಂತು ನಿಂತು ಬೇಸತ್ತ ಒಂಟೆಗಳು.

ವೈನಿಗೆ ಇದ್ಯಾವುದೂ ಕಾಣಲಿಲ್ಲ. ತಂತಿವಾದ್ಯ ಹಿಡಿದವರು ಕಂಡರೆ ಸಾಕು, ಹೋಗಿ ಗುನುಗುವುದು. ಯಾರೂ ನಗಲಿಲ್ಲ. ಹಾಡು ಕೇಳುವುದು ಆ ಜನಕ್ಕೆ ಮರ್ಯಾದೆಯ ಕೆಲಸ. ಪೂರ್ತಿ ಕೇಳಿ ತಲೆಯಾಡಿಸುತ್ತಿದ್ದರು. ಇಲ್ಲ, ಗೊತ್ತಿಲ್ಲ.

ಕೊನೆಗೆ ನಮ್ಮ ಜೀಪ್ ಡ್ರೈವರ್ ಗಫೂರ ಹೇಳಿದ, "ಸ್ಟೇಜಿನ ಮೇಲೆ ಬರದ ಹಾಡುಗಳೇ ಬಹಳ, ಮೇಡಂ. ನಮ್ಮಮ್ಮನನ್ನು ಕೇಳೋಣ."

ಅವನದು ಹಾಡುವವರ ಮನೆತನ. ಅಕ್ಕಪಕ್ಕದ ಹಳ್ಳಿಯ ಹಿಂದೂ ಜಮೀನುದಾರರ ಮನೆಯಲ್ಲಿ ಮಗು ಹುಟ್ಟಲಿ, ಮದುವೆಯಾಗಲಿ, ಈ ಮುಸ್ಲಿಂ ಮನೆಗಳವರು ಹೋಗಿ ಹಾಡಬೇಕು. ಅಜ್ಜ ಮುತ್ತಜ್ಜರ ಕಾಲದಿಂದಲೂ ಹಾಗೇ. ಉತ್ಸವಕ್ಕೆ ಗಂಡಸರು ಹೋಗುತ್ತಾರೆ. ಹೆಂಗಸರು ಮನೆಗಳ ಒಳಗೆ ಹಾಡುತ್ತಾರೆ.

ಕಲ್ಲಿನ ಮನೆ, ಸಾರಿಸಿದ ಅಂಗಳ, ಆಡುಗಳು. ಗಫೂರನ ತಾಯಿ ಹನೀಫಾ ಬಾಯಿ ನಾವು ಯಾರು, ಏಕೆ ಬಂದೆವು ಎಂದು ಕೇಳುವ ಮೊದಲು ತಾಟು ಇಟ್ಟರು. ಬಿಸಿ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ. ವೈನಿಯ ಮುಖ ಅರಳಿತು. ಬ್ಯಾಗಿನಿಂದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತೆಗೆದು ಎಲ್ಲರ ತಾಟಿಗೂ ಬಡಿಸಿದರು. (ಹುಟ್ಟಿದ್ದು ನಿಪ್ಪಾಣಿಯಲ್ಲಿ, ಸೇರಿದ್ದು ಪಾಲಬಾವಿಗೆ. ಹಿಂಡಿ ಇಲ್ಲದೇ ಅವರು ಹೊಸ್ತಿಲು ದಾಟುವುದಿಲ್ಲ.)

ಊಟವಾದ ಮೇಲೆ ವೈನಿ ಗುನುಗಿದರು.

ಹನೀಫಾ ಬಾಯಿ ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಡು ಎಂದರು. ಅವರ ಬಲಗೈ ನೆಲದ ಮೇಲೆ ತಾನಾಗಿಯೇ ಗುಂಡಗೆ ತಿರುಗತೊಡಗಿತು.

"ಇದು ನಮ್ಮದಲ್ಲ ತಂಗೀ," ಎಂದರು. ಗಫೂರ ಅದನ್ನು ಹಿಂದಿಯಲ್ಲಿ ಹೇಳಿದ. "ಆದರೆ ಇದು ಹಿಟ್ಟು ಬೀಸುವಾಗಿನ ಹಾಡು. ಕೈ ಸುಮ್ಮನಿರುತ್ತಿಲ್ಲ ನೋಡು."

"ಹಂಗಾರ ಯಾರದಿದು? ಇಷ್ಟ ದೂರ ಸುಮ್ನ ಬಂದ್ನೇನು ನಾ?" ಎಂದು ವೈನಿ ನನ್ನನ್ನು ಕೇಳಿದರು.

ಹನೀಫಾ ಬಾಯಿ ವೈನಿಯ ಮುಖವನ್ನೇ ನೋಡುತ್ತಿದ್ದರು. ಗಫೂರನಿಂದ ಅಣ್ಣನ ಕತೆಯನ್ನೆಲ್ಲ ಕೇಳಿ ತಿಳಿದುಕೊಂಡರು. ಆಮೇಲೆ ಸೊಸೆಯರನ್ನು ಕರೆದರು. ನಮ್ಮದಲ್ಲ ಅಂದೆ, ಹಾಡಬಾರದು ಅಂದೆನೇ ಎಂದರಂತೆ.

ಸೊಸೆಯರು ಧಾಟಿಯನ್ನು ವೈನಿಯ ಬಾಯಿಂದ ಎತ್ತಿಕೊಂಡರು. ತಪ್ಪಿದಲ್ಲಿ ವೈನಿ ತಿದ್ದಿದರು. ಒಬ್ಬಳು ಡೋಲಕ್ ತಂದಳು. ಪಕ್ಕದ ಮನೆಗಳ ಹೆಂಗಸರು ಬಂದು ಕುಳಿತರು. ಬಿಸಿಲು ಇಳಿಯುವ ಹೊತ್ತಿಗೆ ಹನೀಫಾ ಬಾಯಿ ಆ ಧಾಟಿಗೆ ತಮ್ಮ ಭಾಷೆಯ ಮಾತು ಕೂಡಿಸಿದ್ದರು.

ಏನು ಹಾಡ್ತಿದ್ದಾರೆ ಎಂದು ಗಫೂರನನ್ನು ಕೇಳಿದೆ. ಅವನು ತಡವರಿಸಿ ಹೇಳಿದ: ಉಸುಕಿನಲ್ಲಿ ಒಬ್ಬನೇ ಕುಳಿತವನೇ, ನಿನ್ನ ಮನೆಯವಳು ಬಂದಿದ್ದಾಳೆ, ಎದ್ದು ನೋಡು.

ನಾನು ಅದನ್ನು ವೈನಿಗೆ ಹೇಳಿದೆ. ಅಣ್ಣ ಹೋದ ಮೇಲೆ ಮೊದಲ ಸಲ ಅವರು ನನ್ನೆದುರು ಅತ್ತರು. ಆ ಹೆಂಗಸರು ಸಮಾಧಾನ ಮಾಡಲಿಲ್ಲ. ಹಾಡು ನಿಲ್ಲಿಸಲೂ ಇಲ್ಲ.

ವಾಪಸು ಬಂದ ಮೇಲೆ ಇಬ್ಬರೂ ಕಬ್ಬೂರಿಗೆ ಹೋದೆವು. ಅಲ್ಲಿ ನಮ್ಮ ಚಿಗವ್ವ ಇದ್ದಾಳೆ, ಅವ್ವನ ತಂಗಿ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಬೀಸುವ ಹಾಡು ಅಂದಿದ್ದರಲ್ಲ, ನೋಡೋಣ ಎಂದು ವೈನಿ ಗುನುಗಿದರು.

ಚಿಗವ್ವನ ಕೈ ನಿಂತಿತು. "ಇದು ನಮ್ಮಕ್ಕನ ಬೀಸೂ ಪದ. ನಿನಗ ಯಾರ್ ಕಲಿಸಿದ್ರು ಬೇ? ನೀ ಆಕಿನ್ನ ಕಂಡಾಕಿನ ಅಲ್ಲ."

ಹೌದು. ನಮ್ಮವ್ವ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ. ಅಣ್ಣ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಅವನಿಗೆ ನೆನಪಿತ್ತು.

ಅಣ್ಣ ಊರಿನಲ್ಲಿ ಕುಳಿತು ಮರಳುಗಾಡನ್ನು ನೆನೆಯುತ್ತಿದ್ದಾನೆ ಅಂತ ನಾವಂದುಕೊಂಡಿದ್ದೆವು. ಅವನು ಅಲ್ಲಿಯೂ, ಇಲ್ಲಿಯೂ ಅವ್ವನನ್ನೇ ನೆನೆಯುತ್ತಿದ್ದ. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

"ಪದಾ ಹೇಳ ಚಿಗವ್ವಾ," ಎಂದೆ. ಅವಳು ತುಟಿ ಅಲುಗಿಸಿದಳು, ಆಕಾಶ ನೋಡಿದಳು. "ಗಿರಣಿ ಬಂತು, ಬೀಸೂದ ಬಿಟ್ವಿ. ಮಾತ ನೆನಪಾಗವಲ್ವು."

ವೈನಿ ಈಗ ವಾರಕ್ಕೊಮ್ಮೆ ಫೋನ್ ಮಾಡಿ ಅದೇ ಮಾತು ಆಡುತ್ತಾರೆ, "ಮತ್ತ ಹನೀಫಾ ಬಾಯಿ ಅಂಗಳಕ್ಕ ಯಾವಾಗ ಹೋಗೂಣು?" ಮೊನ್ನೆ ರಾಯಬಾಗದ ಮದುವೆಯೊಂದರಲ್ಲಿ ಪಕ್ಕ ಕುಳಿತವರಿಗೆ ಆ ಧಾಟಿ ಕೇಳಿಸಲು ನೋಡಿದರು. ಡಿಜೆ ಸದ್ದಿಗೆ ಅವರದೇ ದನಿ ಅವರಿಗೆ ಕೇಳಿಸಲಿಲ್ಲವಂತೆ.

ಅದೇ ವಾರ ಗಫೂರ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಾನೆ. ಅಲ್ಲಿ ಯಾರದೋ ಮನೆಯಲ್ಲಿ ಮಗು ಹುಟ್ಟಿದೆ. ಹೆಂಗಸರು ಆ ಧಾಟಿಗೆ ಮತ್ತೆ ಹೊಸ ಮಾತು ಕೂಡಿಸಿ ಹಾಡುತ್ತಿದ್ದಾರೆ.

ನಮ್ಮವ್ವನ ಪದ ಬದುಕಿದೆ, ಕನ್ನಡದಲ್ಲಲ್ಲ ಅಷ್ಟೇ.