ಹಿಮ್ಮಡಿಗೆ ಜಾಗ

ನಮ್ಮಪ್ಪ ಸೋಫಾ ಮೇಸ್ತ್ರಿ. ಸೋಫಾಗಳಿಗೆ ಅವರಿಟ್ಟ ಹೆಸರುಗಳೇ ಬೇರೆ. ಗಟ್ಟಿ ಫೋಮಿನದು ನೆಂಟರ ಸೋಫಾ, ಕೂತವರು ಬೇಗ ಎದ್ದು ಹೋಗಲಿ ಅಂತ. ಎಲ್ ಆಕಾರದ್ದು ಜಗಳದ ಸೋಫಾ, ಮುನಿಸಿಕೊಂಡವರು ಮೂಲೆ ಹಿಡಿಯಬಹುದು. ಬಿಚ್ಚಿದರೆ ಹಾಸಿಗೆಯಾಗುವುದು ಸೋಮಾರಿ ಸೋಫಾ. ಆದರೆ ಅವರ ಹೆಮ್ಮೆಯೆಲ್ಲ ಆಳವಾದ, ಮೆತ್ತನೆಯ, ದಪ್ಪ ಕೈಗಳ ಮೂರು ಸೀಟಿನದರ ಮೇಲೆ. ಅದರಲ್ಲಿ ಕೂತ ಗಿರಾಕಿ ಏಳೋಕೇ ಮನಸ್ಸಾಗಲ್ಲ ಅಂದುಬಿಟ್ಟರೆ ಅವತ್ತು ಅಪ್ಪನನ್ನು ಹಿಡಿಯುವವರೇ ಇರಲಿಲ್ಲ.

ಮನೆಯಲ್ಲಿ ಮಾತ್ರ ದೀಪದ ಕೆಳಗೆ ಕತ್ತಲೆ. ನಮಗಿದ್ದದ್ದು ಪ್ಲಾಸ್ಟಿಕ್ ಕುರ್ಚಿಗಳು, ಅದರಲ್ಲೂ ಒಂದು ಕುಂಟು. ನಿನಗೂ ಒಂದು ಸೋಫಾ ಮಾಡ್ತೀನಿ ಅಂತ ಅಪ್ಪ ಅಮ್ಮನಿಗೆ ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಅಮ್ಮ ಆ ಕುಂಟು ಕುರ್ಚಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಆಪರೇಷನ್ ಆಯಿತು. ತಗ್ಗಿನ ಸೀಟು ಬೇಡ, ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಇನ್ನೊಂದು ಸಲ ಬಿದ್ದರೆ ನಡೆಯುವ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಪ್ಪನ ಮುಖ ಕಪ್ಪಿಟ್ಟಿತು. ನೇರ ಅಂಗಡಿಗೆ ಹೋಗಿ ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕೆ ತಳ್ಳಿ, ಅಮ್ಮನ ಸೋಫಾ ಶುರು ಮಾಡಿದರು. ಎತ್ತರದ ಸೀಟು, ಗಟ್ಟಿ ಫೋಮು, ಹಿಡಿದುಕೊಳ್ಳಲು ಮರದ ಕೈ. ಊಟ ತಿಂಡಿಯ ಮೇಲೆ ನಿಗಾ ಇಲ್ಲ, ಬಾಯಿ ತುಂಬ ಮೊಳೆ. ನನ್ನನ್ನು ಕೂರಿಸಿ ಏಳಿಸಿ ಪರೀಕ್ಷೆ ಮಾಡಿದರು. ನನ್ನ ಸೊಂಟಕ್ಕೇನಾಗಿದೆ, ಚಂಗನೆ ಎದ್ದೆ.

ಅಮ್ಮ ಮನೆಗೆ ಬಂದು ಅದರಲ್ಲಿ ಕೂತಳು, ಚೆನ್ನಾಗಿದೆ ಅಂದಳು. ಆ ಮಾತು ಅಪ್ಪನ ಕಿವಿಗೇ ಬೀಳಲಿಲ್ಲ. ಏಳು ನೋಡೋಣ ಅಂದರು.

ಅಮ್ಮ ಮರದ ಕೈ ಹಿಡಿದು ಮುಂದೆ ಬಾಗಿದಳು. ಸ್ವಲ್ಪ ಎದ್ದವಳು ಹಿಂದಕ್ಕೆ ಕುಸಿದಳು. ಮತ್ತೆ ನೋಡಿದಳು, ಮತ್ತೆ ಅದೇ. ನಾನು ಕಂಕುಳಿಗೆ ಕೈ ಹಾಕಲು ಹೋದಾಗ ಅಪ್ಪ ಮುಟ್ಟಬೇಡ ಎಂದು ಗದರಿದರು. ಟೇಪು ತಂದು ಅಳೆದದ್ದನ್ನೇ ಅಳೆದರು. ಅಮ್ಮ ಇನ್ನು ತಾನಾಗಿ ಏಳುವುದೇ ಇಲ್ಲವೇನೋ ಎಂದು ನನಗೂ ಅನಿಸಿತು.

"ಟೇಪು ಬಿಡ್ರೀ, ನನ್ನ ಕಾಲು ನೋಡಿ," ಅಂದಳು ಅಮ್ಮ. "ಹಿಮ್ಮಡಿ ಹಿಂದಕ್ಕೆ ಎಳ್ಕೊಂಡ್ರೆ ತಾನೆ ಏಳೋಕಾಗೋದು? ನಿಮ್ಮ ಹಲಗೆ ಅಡ್ಡ ಇದೆ."

ಕೆಳಗೆ ಧೂಳು ಸೇರದಿರಲಿ, ನೋಡಲೂ ಲಕ್ಷಣವಾಗಿರಲಿ ಎಂದು ಅಪ್ಪ ಪ್ರತಿ ಸೋಫಾದ ಮುಂಭಾಗಕ್ಕೂ ನೆಲದವರೆಗೆ ಹಲಗೆ ಹೊಡೆದು ಬಟ್ಟೆ ಹೊದಿಸುತ್ತಿದ್ದರು. ಕೈ ಅಭ್ಯಾಸ, ಇದಕ್ಕೂ ಹೊಡೆದಿದ್ದರು. ಜೀವಮಾನವಿಡೀ ಜನ ಕೂರುವುದನ್ನು ನೋಡಿ ಖುಷಿಪಟ್ಟ ಮನುಷ್ಯ, ಏಳುವುದನ್ನು ಗಮನಿಸಿರಲೇ ಇಲ್ಲ.

ಅಪ್ಪ ಅವಳ ಕಾಲ ಬುಡದಲ್ಲಿ ಬೋರಲು ಮಲಗಿ ಹಲಗೆಯ ಬಟ್ಟೆ ಹರಿದರು. ಸುತ್ತಿಗೆ ಹಾಕಿದರೆ ಸೊಂಟ ಅದುರುತ್ತದೆ ಎಂದು ಮೊಳೆಗಳನ್ನು ಇಕ್ಕಳದಲ್ಲಿ ಒಂದೊಂದಾಗಿ ಕಿತ್ತರು. ಇಕ್ಕಳ ಅಮ್ಮನ ಪಾದಕ್ಕೆ ತಾಗದಂತೆ ನಾನು ಅಂಗೈ ಅಡ್ಡ ಹಿಡಿದಿದ್ದೆ. ಕೊನೆಗೆ ಹಲಗೆ ಕೈಗೆ ಬಂತು. ಅಪ್ಪ ಪಕ್ಕಕ್ಕೆ ಸರಿದು ನೆಲದಲ್ಲೇ ಕೂತರು.

ಅಮ್ಮ ಹಿಮ್ಮಡಿಗಳನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು ಮುಂದೆ ಬಾಗಿದಳು. ಅವಳು ನಿಧಾನಕ್ಕೆ, ಯಾರ ಕೈಯೂ ಇಲ್ಲದೆ, ಎದ್ದು ನಿಂತಳು.

ಅಪ್ಪ ಏಳಲು ಹೋದರು, ಆಗಲಿಲ್ಲ. ಕಾಲು ಜೋಮು ಹಿಡಿದಿತ್ತು, ಕಣ್ಣೂ ತುಂಬಿತ್ತು.

"ಈಗ ನಿಮಗೆ ನಾನು ಕೈ ಕೊಡ್ಲಾ?" ಅಮ್ಮ ನಕ್ಕಳು.

"ಬೇಡ ಕಣೇ," ಅಂದರು ಅಪ್ಪ. "ನೀನು ಹಾಗೇ ಸ್ವಲ್ಪ ಹೊತ್ತು ನಿಂತಿರು."