ಮೆಜೆಸ್ಟಿಕ್ಕಿಗೆ ಇಪ್ಪತ್ತು ವರ್ಷ ತಡವಾಗಿ

ಶಿರಂಗಾಲದಿಂದ ಮೊದಲ ಬಸ್ಸಿಗೆ ಕುಶಾಲನಗರಕ್ಕೆ ಬಂದು, ಅಲ್ಲಿಂದ ಬೆಂಗಳೂರಿನ ಬಸ್ಸು ಹಿಡಿದೆ. ಪಿರಿಯಾಪಟ್ಟಣದವರೆಗೆ ಮಂಜು, ಹುಣಸೂರಿನಲ್ಲಿ ತಣ್ಣಗಾದ ಇಡ್ಲಿ, ಮೈಸೂರು ದಾಟಿದ ಮೇಲೆ ಸುಡುವ ಬಿಸಿಲು. ಅಕ್ಕನನ್ನು ಊರಿಗೆ ಕರೆತರಲು ಹೊರಟಿದ್ದೆ. ಭಾವ ತೀರಿಕೊಂಡು ವರ್ಷವಾಗಿತ್ತು.

ಹಿಂದೆಯೂ ಒಮ್ಮೆ ಹೀಗೇ ಹೊರಟಿದ್ದೆ. ಆಗ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಭಾವನ ಹೊಡೆತ ತಾಳಲಾರದೆ ಅಕ್ಕ ಹಾಸ್ಟೆಲಿಗೆ ಫೋನ್ ಮಾಡಿ, ನಾಳೆ ಮೆಜೆಸ್ಟಿಕ್ಕಿಗೆ ಬಾ, ಊರಿಗೆ ಕರೆದುಕೊಂಡು ಹೋಗು ಎಂದಿದ್ದಳು. ಹೋದೆ. ಬೆಳಗಿನಿಂದ ಕತ್ತಲಾಗುವವರೆಗೆ ಕಾದೆ. ಅವಳು ಬರಲಿಲ್ಲ. ಕಂಡಕ್ಟರುಗಳು ದಿನವಿಡೀ "ಮೈಸೂರ್, ಮೈಸೂರ್" ಎಂದು ಕೂಗುತ್ತಿದ್ದುದನ್ನೂ ಸೇರಿಸಿ ಈ ಕತೆಯನ್ನು ಊರೆಲ್ಲ ಹೇಳಿದೆ. ಗಂಡನ ಮನೆಯೇ ಬೇಕಾಗಿತ್ತು ಅವಳಿಗೆ ಎಂದು ಎಲ್ಲರೂ ತೀರ್ಮಾನಿಸಿದರು. ಆಮೇಲೆ ಯಾರೂ ಅವಳನ್ನು ಕರೆಯಲಿಲ್ಲ.

ಮಧ್ಯಾಹ್ನ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದೆ. ನಾಲ್ಕು ಕಡೆಯಿಂದಲೂ ಅದೇ ಕೂಗು: "ಮೈಸೂರ್, ಮೈಸೂರ್, ಮಡಿಕೇರಿ!" ನಿಂತಲ್ಲೇ ನಿಂತೆ. ಕಂಡಕ್ಟರೊಬ್ಬರನ್ನು ಕೇಳಿದೆ, "ಮೈಸೂರು ಬಸ್ಸು ಮೆಜೆಸ್ಟಿಕ್‌ನಿಂದ ಹೊರಡಲ್ವಾ?"

"ಯಾವ ಕಾಲದಲ್ಲಿದ್ದೀರಾ ಸಾರ್? ಆ ಕಡೆಯವೆಲ್ಲ ಇಲ್ಲಿಂದಲೇ. ನಾನು ಕೆಲಸಕ್ಕೆ ಸೇರೋಕೆ ಮುಂಚಿಂದಲೂ."

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆಸಿದವರು. ಹಾಸನದ ಬಸ್ಸು ಮೆಜೆಸ್ಟಿಕ್ಕಿಗೆ ಹೋಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಬೆಂಗಳೂರಿನ ಬಸ್ ನಿಲ್ದಾಣವೆಂದರೆ ಮೆಜೆಸ್ಟಿಕ್, ಬೇರೊಂದಿಲ್ಲ. ಅಂದು ಮೊದಲ ಸಲ ಬೆಂಗಳೂರಿಗೆ ಬಂದವನು ಬಸ್ಸು ನಿಂತ ಇದೇ ಜಾಗದಲ್ಲಿ ಇಳಿದು ಇದನ್ನೇ ಮೆಜೆಸ್ಟಿಕ್ ಎಂದುಕೊಂಡಿದ್ದೆ; ಮತ್ತೆ ಬೆಂಗಳೂರಿಗೆ ಬಂದದ್ದು ಈಗಲೇ. ಎಂ.ಎ. ವಿದ್ಯಾರ್ಥಿ ದಾರಿಹೋಕರನ್ನು ಕೇಳುವುದೇ? ಬೋರ್ಡಿನಲ್ಲಿ ಮೆಜೆಸ್ಟಿಕ್ ಎಂದು ಬರೆದಿದ್ದುದು ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಹಾಗೆ ಬರೆದಿರಲು ಸಾಧ್ಯವೇ ಇಲ್ಲ. ದೇವರನ್ನೂ ಇತಿಹಾಸವನ್ನೂ ಅನುಮಾನಿಸಿದವನು ನನ್ನ ನೆನಪೊಂದನ್ನು ಮಾತ್ರ ನಂಬಿಕೊಂಡು ಬಂದಿದ್ದೆ.

ಈ ಸಲ ಅಕ್ಕ ಮೆಜೆಸ್ಟಿಕ್ಕಿನ ಮೆಟ್ರೋ ನಿಲ್ದಾಣದಲ್ಲಿ ಸಿಗುತ್ತೇನೆ ಎಂದಿದ್ದಳು. ಹತ್ತಿರದ ದೀಪಾಂಜಲಿ ನಗರದಲ್ಲಿ ಟೋಕನ್ ಪಡೆದು ಮೆಟ್ರೋ ಹತ್ತಿದೆ. ಮಾಗಡಿ ರಸ್ತೆಯವರೆಗೆ ಮನೆಗಳ ತಾರಸಿಯ ಎತ್ತರದಲ್ಲಿ ಓಡಿದ ರೈಲು ಆಮೇಲೆ ನೆಲದೊಳಕ್ಕೆ ಇಳಿಯಿತು. ಆರನೆಯ ನಿಲ್ದಾಣವೇ ಮೆಜೆಸ್ಟಿಕ್. ಕಾಲು ಗಂಟೆಯೂ ಹಿಡಿಯಲಿಲ್ಲ.

ಬಸ್ ನಿಲ್ದಾಣದ ಪಕ್ಕದ ನೆಲ ಅಗೆದು ಕಟ್ಟಿದ ಪಾತಾಳ ಅದು. ಒಂದು ಮಾರ್ಗದ ಕೆಳಗೆ ಇನ್ನೊಂದು ಮಾರ್ಗ. ಊರಿನ ನಾಲ್ಕು ದಿಕ್ಕಿನವರೂ ಇಲ್ಲಿಳಿದು ರೈಲು ಬದಲಿಸುತ್ತಾರೆ. ನಿಲ್ಲುವವರು ಯಾರೂ ಇಲ್ಲ. ಅಕ್ಕ ಪೀಣ್ಯದ ಕಡೆಯಿಂದ ಬಂದು ಎಸ್ಕಲೇಟರಿನ ಬುಡದಲ್ಲಿ ಕಾಯುತ್ತಿದ್ದಳು.

"ಏನ್ಲಾ ಮೇಷ್ಟ್ರೇ, ತಲೇಲಿ ಒಂದು ಕೂದ್ಲೂ ಉಳಿಸಿಕೊಂಡಿಲ್ವಲ್ಲೋ!" ಎಂದಳು. ಮೇಲಕ್ಕೆ ಕೈ ತೋರಿಸಿದಳು. "ಇಲ್ಲೇ, ಮೇಲೇನೇ ನಿಂತಿದ್ದೆ ಅವತ್ತು. ಕತ್ತಲಾದ ಮೇಲೆ ವಾಪಸ್ ಅವನ ಮನೆಗೇ ಹೋದೆ. ಬಾಗಿಲು ತೆಗೆದೋನು ಮೊದ್ಲು ನಕ್ಕ. ಆಮೇಲೆ ಹೊಡೆದ."

ನಾನು ಎಲ್ಲಿ ಕಾದಿದ್ದೆನೆಂದು ಹೇಳಿದೆ. ಅವಳ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಹಂಗೇ ಆಗಿರಬೇಕು ಅಂತ ಆಮೇಲೆ ಹೊಳೀತು. ಇಲ್ಲಿಗೆ ಸಿಟಿ ಬಸ್ಸಿರಲಿಲ್ವೇನೋ? ಒಬ್ರನ್ನ ಕೇಳಿದ್ರೆ ಆಗ್ತಿತ್ತು."

"ತಪ್ಪಾಯ್ತಕ್ಕ. ಮನೆಗೆ ಬಾ."

"ತಪ್ಪು ನಂಗೆ ಹೇಳಿ ಏನು ಬಂತು? ಊರೋರ ಹತ್ರ ಏನು ಹೇಳಿದ್ದೀಯೋ ಅದನ್ನ ತಿದ್ದು. ನಾನು ಬಂದಿದ್ದೆ ಅಂತ ಹೇಳು. ಎಲ್ರಿಗೂ ಹೇಳು. ಆಮೇಲೆ ಕರಿ, ಬರ್ತೀನಿ."

ಅವಳ ರೈಲು ಬಂತು. ಬಾಗಿಲು ಮುಚ್ಚುವಾಗ ತಿರುಗಿ ನೋಡಲಿಲ್ಲ. ನೋಡಿದಳೋ ಏನೋ, ಅದನ್ನೂ ಖಚಿತವಾಗಿ ಹೇಳಲಾರೆ.

ಮರುದಿನ ಕುಶಾಲನಗರದಲ್ಲಿ ಬಸ್ಸಿಳಿಯುತ್ತಿದ್ದಂತೆ ಚಿಕ್ಕಪ್ಪ ಸಿಕ್ಕಿದರು. "ಒಬ್ಬನೇ ಬಂದ್ಯಾ? ಅವಳು ಈ ಸಲಾನೂ ಬರ್ಲಿಲ್ವಾ?" ಎಂದರು. ಅಕ್ಕಪಕ್ಕ ನಾಲ್ಕು ಜನ ಪರಿಚಿತರಿದ್ದರು.

"ಇಲ್ಲ, ಬರಲಿಲ್ಲ," ಎಂದೆ.

ಬಾಯಿಗೆ ಬಾರದ್ದನ್ನು ಇಲ್ಲಿ ಬರೆದಿದ್ದೇನೆ, ಊರಿನವರು ಓದಲಿ. ತಪ್ಪು ನಿಲ್ದಾಣದಲ್ಲಿ ನಿಂತಿದ್ದವನು ನಾನು. ಅಕ್ಕ ಬಂದಿದ್ದಳು.