ಮಂಡಕ್ಕಿ ಭಟ್ಟಿಯ ಮರಳು

ಡಾಕ್ಟರು ಅಬ್ಬಾನ ಊದಿದ ಕಾಲನ್ನು ಬೆರಳಿನಿಂದ ಒತ್ತಿ ನೋಡಿ, ಹೃದಯ ದಣಿದಿದೆ, ಇನ್ನು ಮೇಲೆ ಉಪ್ಪು ಮುಟ್ಟುವ ಹಾಗಿಲ್ಲ ಎಂದರು. ಜೀವಮಾನವಿಡೀ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದ ನನ್ನ ತಂದೆಗೆ ಹೇಳುವ ಮಾತೇ ಅದು? ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುವುದು ಅವರ ಕಸುಬು. ಒಂದು ಕಾಳು ಬಾಯಿಗೆ ಹಾಕಿಕೊಂಡು ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದರು. ಅವರು ಹೇಳಿದ ಮೇಲೆ ಭಟ್ಟಿಯಲ್ಲಿ ಎದುರಾಡುವವರಿರಲಿಲ್ಲ.

ಮನೆಗೆ ಬಂದ ಮೇಲೆ ಊಟ ಬಿಟ್ಟರು. ಹಟದಿಂದಲ್ಲ, ತುತ್ತು ನಿಜವಾಗಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಮಣ್ಣು ತಿಂದಂಗೆ ಆಗ್ತೈತೆ ಬೇಟಿ, ಬ್ಯಾಡ," ಎಂದು ತಟ್ಟೆ ಸರಿಸುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಆಮೇಲೆ ಒಳಗೆ ಹೋಗಿ ಅಳುತ್ತಿದ್ದೆ. ಅವರ ಮೈ ದಿನದಿನಕ್ಕೆ ಕರಗುತ್ತಿತ್ತು, ಕಾಲು ಮಾತ್ರ ಊದುತ್ತಿತ್ತು. ಹೀಗೇ ಆದರೆ ಇವರು ಉಳಿಯುವುದಿಲ್ಲ ಎಂಬ ಭಯ ನನಗೆ.

ಘಮ, ಹುಳಿ, ಖಾರ ಇದ್ದರೆ ಉಪ್ಪಿಲ್ಲದ ಅನ್ನವೂ ಇಳಿದೀತು ಎಂದು ಆಸ್ಪತ್ರೆಯ ನರ್ಸ್ ಹೇಳಿದ್ದರು. ಚಟ್ನಿ ಅರೆಯೋಣವೆಂದರೆ ಮಾರ್ಕೆಟ್ಟಿನ ಪುದೀನ ಮನೆ ಸೇರುವಷ್ಟರಲ್ಲಿ ಸೊರಗಿರುತ್ತಿತ್ತು. ಕಿತ್ತ ಕೈಯಲ್ಲೇ ಅರೆಯಬೇಕು ಅನಿಸಿತು. ಆದರೆ ನಮ್ಮದು ಬಾಡಿಗೆ ಮನೆ, ಅಂಗಳವೆಂದರೆ ಒಂದು ಮಂಚ ಹಿಡಿಸದಷ್ಟು ಸಂದಿ. ನೆಲ ಇಲ್ಲದಿದ್ದರೇನು, ಗೋಡೆ ಇತ್ತಲ್ಲ! ಮದುವೆ ಹಾಲ್ ಒಂದರಿಂದ ಜ್ಯೂಸಿನ ಖಾಲಿ ಬಾಟಲಿಗಳನ್ನು ಚೀಲ ತುಂಬ ಹೊತ್ತು ತಂದೆ. ಅವುಗಳ ಹೊಟ್ಟೆ ಕೊಯ್ದು, ಅಡ್ಡ ಮಲಗಿಸಿ, ತಳಕ್ಕೆ ತೂತು ಹೊಡೆದು, ಹಗ್ಗದಲ್ಲಿ ಒಂದರ ಕೆಳಗೊಂದು ಕಟ್ಟಿದೆ. ಎಲ್ಲಕ್ಕಿಂತ ಕೆಳಗೆ ಒಂದು ಎಣ್ಣೆ ಡಬ್ಬಿ. ಮೇಲೆ ಹಾಕಿದ ನೀರು ಹನಿಹನಿಯಾಗಿ ಅಲ್ಲಿಯವರೆಗೂ ಇಳಿಯುತ್ತಿತ್ತು.

ಮಣ್ಣಿಗೆ ಬೆರೆಸಲು ಮರಳು ಬೇಕಿತ್ತು. "ಮರಳು ನಾ ತರಿಸ್ತೀನಿ," ಎಂದರು ಅಬ್ಬಾ. ಕಾಯಿಲೆ ಬಿದ್ದ ಮೇಲೆ ಅವರ ದನಿಯಲ್ಲಿ ಅಂಥ ಹುರುಪು ಕೇಳಿರಲಿಲ್ಲ. ಭಟ್ಟಿಗೆ ಫೋನ್ ಮಾಡಿ, ಹುರಿದು ಹುರಿದು ಎಸೆದಿದ್ದ ಕರಿ ಮರಳನ್ನು ತರಿಸಿದರು. "ಬೆಂಕ್ಯಾಗೆ ಬೆಂದಿದ್ದು. ಒಂದು ಹುಳ ಇರಲ್ಲ, ನೋಡು." ಬಿಸ್ಮಿಲ್ಲಾ ಎಂದು ಅವರೇ ಮಣ್ಣಿಗೆ ಬೆರೆಸಿ ಬಾಟಲಿಗಳಿಗೆ ತುಂಬಿದರು. ಪುದೀನ ಕಡ್ಡಿ ಚುಚ್ಚಿದರು, ಡಬ್ಬಿಗೆ ಕೊತ್ತಂಬರಿ ಬೀಜ ಉಜ್ಜಿ ಹಾಕಿದರು.

ಮೇಲಿನ ಬಾಟಲಿಗಳು ಹೇಗೋ ಚಿಗುರಿದವು. ಕೆಳಕ್ಕೆ ಬಂದ ಹಾಗೆ ಎಲೆಗಳು ಅಂಚು ಸುಟ್ಟಂತಾಗಿ ಉದುರಿದವು. ಡಬ್ಬಿಯಲ್ಲಿ ಏನೂ ಹುಟ್ಟಲಿಲ್ಲ. ನಾನು ಬಿಸಿಲನ್ನು ಬೈದೆ, ಬೀಜ ಮಾರಿದವನನ್ನು ಬೈದೆ, ಇನ್ನಷ್ಟು ನೀರು ಹೊಯ್ದೆ. ಹೊಯ್ದಷ್ಟೂ ಕೆಳಗಿನವು ಬೇಗ ಸತ್ತವು.

ಒಂದು ಬೆಳಿಗ್ಗೆ ಅಬ್ಬಾ ಕುರ್ಚಿಯಿಂದ ಬಾಗಿ ಡಬ್ಬಿಯನ್ನೇ ನೋಡುತ್ತಿದ್ದರು. ಅದರ ಅಂಚಿಗೆ ಬೆಳ್ಳಗೆ ಏನೋ ಕಟ್ಟಿತ್ತು. ಜಿನುಗುವ ಹನಿಗೆ ಬೆರಳೊಡ್ಡಿ ನಾಲಿಗೆಗೆ ಮುಟ್ಟಿಸಿಕೊಂಡರು.

"ನಮಕ್," ಎಂದರು.

ಉಪ್ಪು ಹಿಡಿಸಿದ ಅಕ್ಕಿಯನ್ನು ಹುರಿಯುತ್ತಾ ಬಂದ ಮರಳು ತಾನೂ ಉಪ್ಪು ಕುಡಿದು ಕೂತಿತ್ತು. ಮೇಲಿನ ಬಾಟಲಿಗಳಿಂದ ತೊಳೆದುಹೋದದ್ದೆಲ್ಲ ಕೆಳಗಿನವುಗಳ ಬೇರಿಗೆ ಇಳಿದಿತ್ತು. "ಜೀವ್ನ ಎಲ್ಲಾ ಇದ್ರಾಗೇ ಕಳದೆ. ನನಗೇ ಹೊಳೀಲಿಲ್ಲ ನೋಡು," ಎಂದರು. ಬೈಯಲು ಬಾಯಿ ತೆರೆದಿದ್ದ ನಾನು ಅವರ ಕಣ್ಣಲ್ಲಿ ನೀರು ಕಂಡು ಡಬ್ಬಿಯನ್ನು ಅವರ ಮುಂದಿನಿಂದ ಎತ್ತಿಟ್ಟೆ. ಅವತ್ತು ಅವರು ಗಂಜಿಯನ್ನೂ ಮುಟ್ಟಲಿಲ್ಲ.

ಹರಿಹರದಲ್ಲಿರುವ ನನ್ನ ಅಕ್ಕ ಹೊಳೆದಂಡೆಯ ಮೆಕ್ಕಲು ಮಣ್ಣನ್ನು ಸಿಮೆಂಟ್ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ಹಾಕಿಕೊಂಡು ಬಂದಳು. "ದಾವಣಗೇರ್ಯಾಗೆ ಮಣ್ಣಿಗೂ ಬರ ಬಂತೇನ್ರಿ?" ಎಂದು ಕಂಡಕ್ಟರ್ ರೇಗಿಸಿದನಂತೆ. ಬಾಟಲಿಗಳನ್ನು ತೊಳೆದು ಮತ್ತೆ ತುಂಬಿದೆವು. ಅಷ್ಟರಲ್ಲಿ ಅಬ್ಬಾ ಹಾಸಿಗೆ ಹಿಡಿದಿದ್ದರು. ಕಿಟಕಿಯಿಂದ ಗೋಡೆ ಕಾಣುವ ಹಾಗೆ ಮಂಚ ತಿರುಗಿಸಿದೆವು.

ಪುದೀನ ಡಬ್ಬಿಯವರೆಗೂ ಹಸಿರಾದ ಮೇಲೆ ಒಂದು ಮಧ್ಯಾಹ್ನ ಕಿತ್ತೆ. ಹಸಿಮೆಣಸು, ಬೆಳ್ಳುಳ್ಳಿ, ನಿಂಬೆಹುಳಿ ಹಾಕಿ ಅರೆದೆ. ಅಭ್ಯಾಸಬಲದಿಂದ ಕೈ ಉಪ್ಪಿನ ಕಡೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಮೆತ್ತಗಿನ ಅನ್ನದಲ್ಲಿ ಕಲಸಿ ಅವರ ಬಾಯಿಗೆ ತುತ್ತಿಟ್ಟೆ. ಭಟ್ಟಿಯಲ್ಲಿ ಕಾಳಿನ ರುಚಿ ನೋಡುವಾಗಿನಂತೆ ಅಬ್ಬಾ ಕಣ್ಣು ಮುಚ್ಚಿಕೊಂಡರು. ನಿಧಾನವಾಗಿ ನುಂಗಿದರು.

"ಉಪ್ಪು ಹದ ಐತೆ," ಎಂದರು. "ಇನ್ನೊಂದು ತುತ್ತು ಕೊಡು."

ತಟ್ಟೆ ಖಾಲಿಯಾಗುವವರೆಗೂ ಉಂಡರು. ಆಮೇಲೆ ಕೆಲವು ತಿಂಗಳು ನಮ್ಮ ಜೊತೆಗಿದ್ದರು. ಮಳೆಗಾಲ ಬರುವಷ್ಟರಲ್ಲಿ ಹೋದರು. ಗೋಡೆಯ ಪುದೀನ ಇನ್ನೂ ಇದೆ. ಅದನ್ನು ಅರೆಯುವಾಗ ಇವತ್ತಿಗೂ ನಾನು ಉಪ್ಪು ಹಾಕುವುದಿಲ್ಲ. ಉಪ್ಪಿನ ವಿಷಯದಲ್ಲಿ ಅಬ್ಬಾ ಸುಳ್ಳು ಹೇಳಿದ್ದು ಅದೊಂದೇ ಸಲ, ಅದೂ ನನಗೋಸ್ಕರ.